ಟ್ರಂಕಿನೊಳಗಿನ ಖಣಗಳೂ ಆಕಳ ಮೈಮೇಲಿನ ಉಣ್ಣಿಯೂ

ಪ್ರಾಣಿಗಳ ಜೀನೋಮಿನಲ್ಲಿ, ಅಂದರೆ ಜೀವಕೋಶದೊಳಗಿನ ಇಡೀ ವಂಶವಾಹಿ ಕಟ್ಟಿನಲ್ಲಿ, ಜಾಗ ಬದಲಿಸುತ್ತ ಓಡಾಡುವ ತುಣುಕುಗಳ ಬಗ್ಗೆ ನನಗೆ ಗೊತ್ತಿಲ್ಲದ್ದು ಬಹಳ ಕಡಿಮೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಪುಣೆಯ ಒಂದು ಸಂಶೋಧನಾ ಸಂಸ್ಥೆ ನನಗೆ ಸಂಬಳ ಕೊಡುವುದೇ ಅದಕ್ಕಾಗಿ. ಕಪ್ಪೆ, ಮೀನು, ಬಾವಲಿ, ಹಲ್ಲಿ, ಯಾವ ಪ್ರಾಣಿಯನ್ನು ಎದುರಿಗಿಟ್ಟರೂ ಅದರ ಜೀವಕೋಶದೊಳಗೆ ಯಾವ ತುಣುಕು ಎಲ್ಲಿಂದ ಎದ್ದು ಎಲ್ಲಿ ಹೋಗಿ ಕೂತಿದೆ ಎಂದು ಹೇಳಬಲ್ಲೆ. ಇಷ್ಟೆಲ್ಲ ತಿಳಿದವಳಿಗೆ ನಮ್ಮದೇ ಸೊಸೈಟಿಯ ಹೆಂಗಸರ ಮುಂದೆ ಅರ್ಧ ಗಂಟೆ ಕನ್ನಡದಲ್ಲಿ ಮಾತಾಡುವುದು ಯಾವ ಮಹಾ ಕೆಲಸ ಎಂದುಕೊಂಡೆ.

ಎಡವಟ್ಟಿನ ಮೊದಲ ಮೆಟ್ಟಿಲು ಇದೇ!

ನಾವಿರುವುದು ಕೋಥ್ರೂಡಿನಲ್ಲಿ. ಗಂಡ ಪ್ರಹ್ಲಾದ ಚಿಂಚವಾಡದ ಕಾರ್ಖಾನೆಯೊಂದರಲ್ಲಿ ಇಂಜಿನಿಯರು. ಅತ್ತೆ-ಮಾವ ಧಾರವಾಡದಿಂದ ಬಂದು ನಮ್ಮೊಡನೆ ಇರತೊಡಗಿ ಎರಡು ವರ್ಷವಾಯಿತು. ಮಾವನವರಿಗೆ ಒಂದು ಪೇಪರು, ಒಂದು ಕುರ್ಚಿ ಸಿಕ್ಕರೆ ಯಾವ ಊರಾದರೂ ಒಂದೇ. ಅತ್ತೆ ಹಾಗಲ್ಲ, ಅವರಿಗೆ ಮಾತು ಬೇಕು. ಮರಾಠಿ ಅವರಿಗೆ ಅರ್ಥವಾಗುತ್ತದೆ, ಆದರೆ ಬಾಯಿಂದ ಹೊರಡುವುದಿಲ್ಲ. ಮೊದಲ ಕೆಲವು ತಿಂಗಳು ಬಾಲ್ಕನಿಯ ತುಳಸಿ ಗಿಡದೊಡನೆ ಮಾತಾಡುತ್ತಿದ್ದರು. ಆಮೇಲೆ ಎರಡನೇ ಮಹಡಿಯ ಮಂದಾ ಮೌಶಿ ಅವರ ಕೈ ಹಿಡಿದರು.

ಮಂದಾ ಮೌಶಿ ಬೆಳಗಾವಿಯವರು. ಕನ್ನಡವನ್ನೂ ಮರಾಠಿಯನ್ನೂ ಒಂದೇ ಉಸಿರಿನಲ್ಲಿ ಆಡುತ್ತಾರೆ. ಅವರು ಅತ್ತೆಯನ್ನು ಪಾರಿಜಾತದ ಗಿಡದ ಕೆಳಗಿನ ಬೆಂಚಿಗೆ ಕರೆದೊಯ್ದರು, ಮರಾಠಿ ಹೆಂಗಸರ ಭಜನೆಗೆ ಸೇರಿಸಿದರು, ಒಳ್ಳೆಯ ನುಗ್ಗೆಕಾಯಿ ಎಲ್ಲಿ ಸಿಗುತ್ತದೆಂದು ತೋರಿಸಿದರು. ಸಂಜೆ ಐದಾದರೆ ಸಾಕು, ಕೆಳಗಿನಿಂದ "ಸುಮಿತ್ರಾಬಾಯಿ, ಬರ್ರಿ!" ಎಂಬ ಕೂಗು. ಅತ್ತೆಯ ಕಾಲಿಗೆ ಚಪ್ಪಲಿ ತಾನಾಗಿ ಬಂದು ಸೇರಿಕೊಳ್ಳುತ್ತಿತ್ತು.

ಈ ಸಂಕ್ರಾಂತಿಗೆ ಅತ್ತೆ ಒಂದು ನಿರ್ಧಾರ ಮಾಡಿದರು.

"ಎರಡು ವರ್ಷ ಮಂದಿ ಮನ್ಯಾಗ ಕುಂಕುಮಾ ಹಚ್ಚಿಸ್ಕೊಂಡು ಬಂದೇನಿ. ಈ ಸಲ ನಮ್ಮ ಮನ್ಯಾಗ ಅರಿಷಿಣ ಕುಂಕುಮ. ಎಲ್ಲಾರ್ನೂ ಕರೀತೇನಿ."

ಅದು ಬರೀ ಅರಿಷಿಣ ಕುಂಕುಮವಲ್ಲ. ಇಷ್ಟು ದಿನ ಅತ್ತೆ ಪುಣೆಗೆ ಬಂದ ಅತಿಥಿ. ಅಂದಿನಿಂದ ಪುಣೆಯ ಮನೆಯೊಡತಿ. ವಾರಗಟ್ಟಲೆ ಎಳ್ಳು ಹುರಿದರು, ಎಳ್ಳುಂಡೆ ಕಟ್ಟಿದರು, ಪರದೆ ಒಗೆಸಿದರು. ಯಾರು ಎಲ್ಲಿ ಕೂರಬೇಕೆಂದು ಮನಸ್ಸಿನಲ್ಲೇ ಹತ್ತಾರು ಸಲ ಕೂರಿಸಿ ಎಬ್ಬಿಸಿದರು.

ಹೀಗೆ ಎಲ್ಲ ನೆಟ್ಟಗೆ ನಡೆದಿರುವಾಗ ಮಂದಾ ಮೌಶಿಯೇ ಒಂದು ದಿನ ನನ್ನನ್ನು ಲಿಫ್ಟಿನಲ್ಲಿ ಹಿಡಿದರು. "ವೀಣಾ, ನೀ ಏನ್ ಕೆಲಸಾ ಮಾಡ್ತೀ ಅಂತ ಈ ಸೊಸೈಟಿಯೊಳಗ ಯಾರಿಗೂ ಗೊತ್ತಿಲ್ಲ ನೋಡವಾ. ನಿಮ್ಮತ್ತಿ ಅಂತೂ 'ಮೀನಿಂದು ಏನೋ ಮಾಡ್ತಾಳ್ರಿ' ಅಂತ ದನಿ ತಗ್ಗಿಸಿ ಹೇಳ್ತಾರ. ಕುಂಕುಮದ ದಿನಾ ಎಲ್ಲಾರೂ ಕೂತಿರ್ತೇವಿ. ಒಂದೀಟು ತಿಳಿಸಿ ಹೇಳಲ್ಲಾ."

ನಾನು ಆನಂದದಿಂದ ಒಪ್ಪಿದೆ.

ವಿಷಯಕ್ಕೆ ಗಂಭೀರವಾದ ಹೆಸರನ್ನೇ ಇಟ್ಟೆ: 'ಪ್ರಾಣಿಗಳ ಜೀನೋಮಿನಲ್ಲಿ ಜಿಗಿಯುವ ತುಣುಕುಗಳ ವೈವಿಧ್ಯ'. ಟೀವಿಯ ಮೇಲೆ ಚಿತ್ರಗಳನ್ನು ತೋರಿಸುವ ಸಿದ್ಧತೆ ಮಾಡಿದೆ. ಮೊದಲ ಚಿತ್ರ, ನನ್ನ ಪ್ರೀತಿಯ ಗುಂಡು ಮೀನು. ಚೆಂಡಿನಂತೆ ಉಬ್ಬುವ ಈ ಮೀನಿನ ಜೀನೋಮ್ ಪುಟ್ಟದು, ಆದರೂ ಅದರೊಳಗೆ ಎಷ್ಟು ಬಗೆಯ ತುಣುಕುಗಳು! ನಮ್ಮಂಥ ಸಸ್ತನಿಗಳಲ್ಲಿ ತುಣುಕುಗಳ ರಾಶಿಯೇನೋ ದೊಡ್ಡದು, ಬಗೆ ಮಾತ್ರ ಕಡಿಮೆ. ಈ ಅದ್ಭುತವನ್ನು ಅಭ್ಯಾಸ ಮಾಡುತ್ತಿರುವಾಗ ಅತ್ತೆ ಒಳಗಿನಿಂದ ಬಂದರು.

"ಶಿವಶಿವಾ! ಸಂಕ್ರಾಂತಿ ದಿನಾ ನಮ್ಮ ಮನ್ಯಾಗ ಮೀನು ತೋರಸ್ತೀ ಏನು?"

"ಚಿತ್ರಾ ಅಷ್ಟರಿ, ಅತ್ತಿಯವರ."

"ಚಿತ್ರಕ್ಕೂ ವಾಸನಿ ಇರ್ತದ. ತಗೀ ಅದನ್ನ."

ಮೀನು ಹೋಯಿತು. ಮುಂದಿನ ಚಿತ್ರ ಸಾಲಮಾಂಡರ್. ಎಂಥ ದೊಡ್ಡ ಜೀನೋಮ್! ಅತ್ತೆ ಕಣ್ಣು ಕಿರಿದು ಮಾಡಿ ನೋಡಿದರು. "ಹಲ್ಲಿ ಹಂಗ ಅದ. ಮುತ್ತೈದೇರ ಮುಂದ ಹಲ್ಲಿ ಬ್ಯಾಡ." ಬಾವಲಿಯನ್ನು ತೋರಿಸುವ ಧೈರ್ಯವೇ ನನಗೆ ಬರಲಿಲ್ಲ.

"ಮತ್ತ ಯಾವ ಪ್ರಾಣಿ ನಡೀತದರಿ?" ಎಂದು ಕೇಳಿದೆ.

"ಆಕಳಾ ಅದ ಅಲಾ?" ಎಂದರು ಅತ್ತೆ.

ಹೀಗೆ ಪ್ರಾಣಿಲೋಕದ ವೈವಿಧ್ಯವೆಲ್ಲ ಕೊಚ್ಚಿಹೋಗಿ ಕೊನೆಗೆ ಒಂದು ಆಕಳು ಉಳಿಯಿತು. ಆಕಳ ಚಿತ್ರವೊಂದರಿಂದ ಉಪನ್ಯಾಸ ಆಗುವುದಿಲ್ಲವಲ್ಲ. ಬೇರೆ ಏನಾದರೂ ಬೇಕು, ಹೆಂಗಸರಿಗೆ ಕೈಗೆ ಸಿಗುವಂಥದ್ದು, ಕಣ್ಣಿಗೆ ಕಾಣುವಂಥದ್ದು. ಹಾಗೆಂದು ಯೋಚಿಸುತ್ತ ಮನೆಯೆಲ್ಲ ಅಡ್ಡಾಡುವಾಗ ಅತ್ತೆಯ ಟ್ರಂಕು ಕಣ್ಣಿಗೆ ಬಿತ್ತು.

ಖಣ!

ನಮ್ಮ ಕಡೆ ಉಡಿ ತುಂಬುವಾಗ ತೆಂಗಿನಕಾಯಿಯ ಜೊತೆ ಒಂದು ಕುಪ್ಪಸದ ಖಣ ಕೊಡುತ್ತಾರೆ. ಅದನ್ನು ಯಾರೂ ಹೊಲಿಸಿಕೊಳ್ಳುವುದಿಲ್ಲ. ನಾಲ್ಕು ಮಡಿಕೆ ಮಾಡಿ ಟ್ರಂಕಿನಲ್ಲಿಟ್ಟು ಮುಂದಿನ ಹಬ್ಬಕ್ಕೆ ಇನ್ನೊಬ್ಬರ ಉಡಿಗೆ ಹಾಕುತ್ತಾರೆ. ಅವರು ಮತ್ತೊಬ್ಬರಿಗೆ. ಹೀಗೆ ಒಂದು ಖಣ ಮನೆಯಿಂದ ಮನೆಗೆ ವರ್ಷಗಟ್ಟಲೆ ಜಿಗಿಯುತ್ತಲೇ ಇರುತ್ತದೆ. ನನ್ನ ತುಣುಕುಗಳಲ್ಲಿ ಒಂದು ಜಾತಿ ಇದೇ! ಇದ್ದ ಜಾಗದಿಂದ ಕತ್ತರಿಸಿಕೊಂಡು ಎದ್ದು ಇನ್ನೊಂದು ಜಾಗದಲ್ಲಿ ಹೋಗಿ ಅಂಟಿಕೊಳ್ಳುವ ಜಾತಿ. ಇನ್ನೊಂದು ಜಾತಿ ಇದ್ದಲ್ಲೇ ಇದ್ದು ತನ್ನ ನಕಲನ್ನು ಮಾತ್ರ ಬೇರೆಡೆಗೆ ಕಳಿಸುತ್ತದೆ. ಅದಕ್ಕೂ ಉದಾಹರಣೆ ಹೊಳೆಯಿತು: ಮೊಸರಿನ ಹೆಪ್ಪು. ಮಂದಾ ಮೌಶಿಯ ಮನೆಯ ಹೆಪ್ಪು ಅರ್ಧ ಸೊಸೈಟಿಗೆ ಹೋಗಿದೆ, ಅವರ ಗಡಿಗೆಯಲ್ಲಿ ಮೊಸರು ಹಾಗೇ ಇದೆ. ನನ್ನ ಜಾಣತನಕ್ಕೆ ನನಗೇ ರೋಮಾಂಚನವಾಯಿತು.

ಅತ್ತೆ ಭಜನೆಗೆ ಹೋದ ಹೊತ್ತಿಗೆ ಟ್ರಂಕು ತೆಗೆದೆ. ಒಂದು ಬದಿಗೆ ಒಂದಿಷ್ಟು ಖಣ, ಇನ್ನೊಂದು ಬದಿಗೆ ಒಂದಿಷ್ಟು, ನಡುವೆ ಒಂದು ಹಳೆಯ ಟವೆಲು. ಬಣ್ಣ ಬಣ್ಣದ ಖಣಗಳು ಹೀಗೆ ಅಸ್ತವ್ಯಸ್ತ ಬಿದ್ದಿದ್ದನ್ನು ಕಂಡು ವಿಜ್ಞಾನಿಯ ಮನಸ್ಸಿಗೆ ನೋವಾಯಿತು. ಎಲ್ಲವನ್ನೂ ಹೊರಗೆ ಸುರಿದು ಬಣ್ಣದ ಪ್ರಕಾರ ಜೋಡಿಸಿ ಎರಡು ದೊಡ್ಡ ತಟ್ಟೆಗಳಲ್ಲಿಟ್ಟೆ. ಟವೆಲನ್ನು ಒಗೆಯಲು ಹಾಕಿದೆ.

ತಟ್ಟೆಗಳನ್ನು ನೋಡಿ ಪ್ರಹ್ಲಾದ, "ಅವ್ವನ್ನ ಕೇಳೀಯೇನು?" ಎಂದ.

"ಕೇಳೂದೇನ್ರಿ ಇದರಾಗ? ಹೆಂಗೂ ಅವತ್ತ ಕೊಡೂವು ಇವೇ. ನಾ ತಟ್ಟಿಯೊಳಗ ಜೋಡಿಸಿಟ್ರ ಅವರಿಗೂ ಕೆಲಸಾ ಕಡಿಮಿ ಆಗ್ತದ."

ಮರುದಿನ ಅತ್ತೆ ತಟ್ಟೆಗಳ ಮೇಲೆ ಹೊದಿಸಿದ ಜರಿಯ ಬಟ್ಟೆಯನ್ನಷ್ಟೇ ನೋಡಿದರು. ಎರಡು ತಟ್ಟೆ ಕಂಡದ್ದಕ್ಕೆ, ಸೊಸೆ ಟ್ರಂಕಿನ ಎರಡೂ ಬದಿಯ ಖಣಗಳನ್ನು ಬೇರೆ ಬೇರೆಯಾಗಿಯೇ ಇಟ್ಟಿದ್ದಾಳೆ ಎಂದು ತಿಳಿದು, "ಬಂತು ನೋಡು ನಿನಗೂ ಒಂದೀಟು ಮನಿ ಕೆಲಸಾ" ಎಂದರು. ಮದುವೆಯಾದಾಗಿನಿಂದ ಅವರ ಬಾಯಲ್ಲಿ ಕೇಳಿದ ಮೊದಲ ಹೊಗಳಿಕೆ. ನಾನು ಹಿಗ್ಗಿದೆ.

ಹಬ್ಬದ ಸಂಜೆ ಮಾವನನ್ನೂ ಗಂಡನನ್ನೂ ಪದ್ಧತಿಯಂತೆ ಮನೆಯಿಂದ ಹೊರಗೆ ಅಟ್ಟಲಾಯಿತು. ಒಂದು ಕಡೆ ಕನ್ನಡದ ಹೆಂಗಸರು, ಇನ್ನೊಂದು ಕಡೆ ಮರಾಠಿಯವರು, ನಡುವೆ ಮಂದಾ ಮೌಶಿ. ಅತ್ತೆ ಇಳಕಲ್ ಸೀರೆಯುಟ್ಟು, ಮುಖದ ತುಂಬ ನಗು ತುಂಬಿಕೊಂಡು, "ತಿಳಗೂಳ ಘ್ಯಾ" ಎಂದು ಮರಾಠಿಯಲ್ಲೇ ಎಳ್ಳುಂಡೆ ಕೊಟ್ಟರು. ಆಮೇಲೆ ಮೌಶಿ ನನ್ನ ಕಡೆ ಕೈ ತೋರಿಸಿ, "ಈಗ ನಮ್ಮ ಶಾಸ್ತ್ರಜ್ಞಿ ಮಾತಾಡ್ತಾಳ" ಎಂದರು.

ಮಾತಾಡಿದೆ. ಅಯ್ಯೋ, ಎಷ್ಟು ಮಾತಾಡಿದೆ!

"ನೋಡ್ರಿ, ನಮ್ಮ ಜೀವಕೋಶದಾಗಿನ ಜೀನೋಮ್ ಅಂದ್ರ ಒಂದು ಟ್ರಂಕ್ ಇದ್ದಂಗ. ಅದರಾಗ ಹತ್ತಿರ ಹತ್ತಿರ ಅರ್ಧ ಬರೇ ಇಂಥಾವೇ ತುಣುಕು" ಎನ್ನುತ್ತ ಒಂದು ಹಸಿರು ಖಣವನ್ನು ಎತ್ತಿ ಹಿಡಿದೆ. "ಇದನ್ನ ನೋಡ್ರಿ. ಯಾರೂ ಹೊಲಿಸ್ಕೊಳ್ಳಂಗಿಲ್ಲ. ಯಾರಿಗೂ ಬೇಕಾಗಿಲ್ಲ. ಸುಮ್ಮನ ಒಂದು ಮನಿಯಿಂದ ಇನ್ನೊಂದು ಮನಿಗೆ ಜಿಗೀತದ!"

ಮೂಲೆಯಲ್ಲಿ ಒಬ್ಬರು ಕೆಮ್ಮಿದರು. ನಾನು ನೇರಳೆ ಖಣ ಎತ್ತಿದೆ.

"ಇದು ಭಾಳ ಹಳೇದು. ಸತ್ತದ್ದು. ಜಿಗಿಯೂ ಶಕ್ತಿನೂ ಹೋಗೇದ. ಇಂಥಾದ್ದಕ್ಕ ನಾವು ಪಳೆಯುಳಿಕೆ ಅಂತೇವಿ."

ಮರಾಠಿಯವರ ಮುಂದಿನ ಸಾಲಿನಲ್ಲಿದ್ದ ಹಿರಿಯರಾದ ಲೇಲೆ ಕಾಕು ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು. ವಿಷಯ ಹಿಡಿಸಿದೆ ಎಂದುಕೊಂಡು ಅರ್ಧ ಮರಾಠಿಯಲ್ಲೂ ವಿವರಿಸತೊಡಗಿದೆ, ಯಾರೂ ತಪ್ಪಿಸಿಕೊಳ್ಳಬಾರದಲ್ಲ! ಅತ್ತೆ ನನಗೆ ಕಣ್ಸನ್ನೆ ಮಾಡುತ್ತಿದ್ದರು. ಅದನ್ನೂ ನಾನು ಮೆಚ್ಚುಗೆ ಎಂದೇ ತಿಳಿದೆ. ಆಮೇಲೆ ಆಕಳಿಗೆ ಬಂದೆ. ಅಲ್ಲಿಗೆ ಬರಬಾರದಿತ್ತು.

"ಆಕಳ ಜೀನೋಮಿನಾಗ ಒಂದು ಜಾತಿ ತುಣುಕು ರಾಶಿ ರಾಶಿ ಅವ. ಅವು ಆಕಳದ್ದಲ್ಲ! ಹಾವು ಹಲ್ಲಿ ಕಡಿಯಿಂದ ಬಂದಾವ. ಹಾವಿಂದು ಆಕಳ ಮೈಯಾಗ ಹೆಂಗ ಬಂತು? ನಡುವ ಒಂದು ಉಣ್ಣಿ ಇತ್ತು ಅಂತ ಶಾಸ್ತ್ರಜ್ಞರ ಸಂಶಯ. ಉಣ್ಣಿ ಇದನ್ನೂ ಕಚ್ಚತದ, ಅದನ್ನೂ ಕಚ್ಚತದ, ಅಲ್ಲಿಂದು ಇಲ್ಲಿಗೆ ಸಾಗಸ್ತದ. ಹಂಗ ನಮ್ಮ ಸೊಸೈಟಿಯೊಳಗ ಕನ್ನಡದವರ ಖಣ ಮರಾಠಿಯವರ ಮನಿಗೆ ಹೋಗಬೇಕಾದ್ರ ನಡುವ ಒಂದು ಉಣ್ಣಿ ಬೇಕಲ್ಲಾ? ಆ ಉಣ್ಣಿ ಯಾರು ಹೇಳ್ರಿ ನೋಡೋಣು?"

ನಾನೇ ಹೇಳಿದೆ.

"ನಮ್ಮ ಮಂದಾ ಮೌಶಿ!"

ಹೇಳಿ ಚಪ್ಪಾಳೆ ಬೇರೆ ತಟ್ಟಿದೆ. ಇಡೀ ಹಾಲಿನಲ್ಲಿ ಅದೊಂದೇ ಚಪ್ಪಾಳೆ.

ಲೇಲೆ ಕಾಕು ಸಕ್ಕರೆಯಂಥ ದನಿಯಲ್ಲಿ ಕೇಳಿದರು: "ಮಗ ಸಾಪ್ ಕೋಣ ಆಣಿ ಗಾಯ್ ಕೋಣ?" ಹಾಗಾದರೆ ಹಾವು ಯಾರು, ಆಕಳು ಯಾರು?

ಪುಣೆಯಲ್ಲಿ ಇಷ್ಟು ವರ್ಷ ಬದುಕಿದವಳಿಗೆ ಈ ದನಿಯ ಅರ್ಥ ಗೊತ್ತಾಗಬೇಕಿತ್ತು. ಇಲ್ಲಿಯವರು ಸಿಟ್ಟು ಬಂದಷ್ಟೂ ಸೌಮ್ಯವಾಗಿ ಮಾತಾಡುತ್ತಾರೆ. ಆದರೆ ಪ್ರಶ್ನೆ ಕೇಳಿದರೆ ಉತ್ತರ ಕೊಡುವುದು ನನ್ನ ವೃತ್ತಿಧರ್ಮ. ಖಣ ಹೊರಟದ್ದು ಕನ್ನಡದವರ ಕಡೆಯಿಂದಾದರೆ ಹಾವು ಕನ್ನಡದವರು, ಆಕಳು ಮರಾಠಿಯವರು ಎಂದು ನಿರ್ಮಲ ಮನಸ್ಸಿನಿಂದ ವಿವರಿಸಿದೆ. ಎರಡೂ ಕಡೆಯವರು ಒಮ್ಮೆಲೇ ಮುಖ ಗಂಟು ಹಾಕಿಕೊಂಡರು. ಪುಣೆಯ ಕನ್ನಡಿಗರಿಗೂ ಮರಾಠಿಗರಿಗೂ ಇಂಥ ಒಗ್ಗಟ್ಟು ನಾನು ಮೊದಲು ಕಂಡಿರಲಿಲ್ಲ!

ಅತ್ತೆ ಗಡಬಡಿಸಿ ಎದ್ದು, "ಸಾಕು, ಉಡಿ ತುಂಬತೇನಿ" ಎಂದರು. ಪರಿಸ್ಥಿತಿ ಇನ್ನೂ ಕೈಯಲ್ಲಿತ್ತು. ಉಡಿ ತುಂಬಿ ನಗುತ್ತ ಕಳಿಸಿದ್ದರೆ ಸೊಸೆ ಹುಚ್ಚಿ ಎಂದು ಎಲ್ಲರೂ ಮರೆತುಬಿಡುತ್ತಿದ್ದರು. ಅತ್ತೆ ಮುಂದೆ, ನಾನು ಹಿಂದೆ. ಅವರು ಹಿಂದೆ ನೋಡದೆ ಕೈ ಚಾಚುವುದು, ನಾನು ಖಣ ಕೊಡುವುದು. ಕನ್ನಡದವರಾದರೆ "ಬಲಗಡಿದು", ಮರಾಠಿಯವರಾದರೆ "ಎಡಗಡಿದು" ಎನ್ನುತ್ತಿದ್ದರು. ಬಲಕ್ಕೆ ಕೆಂಪು ಬಣ್ಣದ ಸಾಲು, ಎಡಕ್ಕೆ ಹಸಿರಿನ ಸಾಲು. ಇದರಲ್ಲಿ ಏನೋ ಶಾಸ್ತ್ರವಿರಬೇಕೆಂದು ಕೊಡುತ್ತ ಹೋದೆ.

ಮೊದಲು ದನಿ ತೆಗೆದವರು ಲೇಲೆ ಕಾಕು. ಖಣದ ಮೂಲೆಯ ಅರಿಷಿಣದ ಬೆರಳಗುರುತು ನೋಡಿ, "ಅಗಬಾಯಿ! ಹಾ ತರ್ ಮಾಝಾಚ್!" ಎಂದರು, ಇದು ನನ್ನದೇ ಎಂದು. ಅದು ಅವರೇ ಹೋದ ವರ್ಷ ಅತ್ತೆಗೆ ಕೊಟ್ಟದ್ದು. ಅವರ ಪಕ್ಕದವರೂ ಖಣ ಬಿಚ್ಚಿ ನೋಡಿದರು. ಅದೂ ಅವರದೇ. ಕನ್ನಡದ ಸಾಲಿನಲ್ಲೂ ಬಿಚ್ಚಾಟ ಶುರುವಾಯಿತು. ನಾನು 'ಯಾರಿಗೂ ಬೇಕಾಗಿಲ್ಲ' ಎಂದ ಹಸಿರು ಖಣ ಮರಾಠಿಯವರ ಸಾಲಿನಲ್ಲಿ ಅದನ್ನು ಕೊಟ್ಟವರ ಉಡಿಯಲ್ಲೇ ಬಿದ್ದಿತ್ತು. ಎಲ್ಲ ಖಣಗಳೂ ಹೀಗೆ ಆದವೆಂದಲ್ಲ, ಆದರೆ ಮಾನ ಕಳೆಯಲು ಬೇಕಾದಷ್ಟು ಆದವು!

ಕೊನೆಗೆ ಮಂದಾ ಮೌಶಿ. ಅವರ ಉಡಿಗೆ ಬಿದ್ದದ್ದು ಕೆಂಪಂಚಿನ ಗುಳೇದಗುಡ್ಡದ ಖಣ. ಹೋದ ದೀಪಾವಳಿಗೆ ಅವರೇ ಊರಿನಿಂದ ತಂದು, "ನಿಮಗಂತನ ತಂದೇನ್ರಿ ಸುಮಿತ್ರಾಬಾಯಿ" ಎಂದು ಕೊಟ್ಟದ್ದು. ಮೌಶಿ ಅದನ್ನು ಸವರಿ ನೋಡಿ, ಮಡಿಚಿ, ಎದ್ದು ನಿಂತರು.

"ಬರ್ತೇನ್ರಿ. ಉಣ್ಣಿ ಮನಿಗೆ ಹೋಗೂ ಹೊತ್ತಾತು."

ಎಲ್ಲರೂ ಹೋದ ಮೇಲೆ ಅತ್ತೆ ತಟ್ಟೆಗಳ ಮುಂದೆ ಕೂತರು. "ಟವೆಲ್ ಎಲ್ಲದ?" ಎಂದು ಒಂದೇ ಮಾತು ಕೇಳಿದರು. ಟ್ರಂಕಿನ ಒಂದು ಬದಿಗೆ ಕನ್ನಡದವರು ಕೊಟ್ಟವು, ಇನ್ನೊಂದು ಬದಿಗೆ ಮರಾಠಿಯವರು ಕೊಟ್ಟವು. ಅಲ್ಲಿಯದು ಇಲ್ಲಿಗೆ, ಇಲ್ಲಿಯದು ಅಲ್ಲಿಗೆ. ಕೊಟ್ಟವರಿಗೇ ತಿರುಗಿ ಹೋಗಬಾರದು ಎಂಬುದೊಂದೇ ನಿಯಮ, ಅದನ್ನು ಕಾಯುತ್ತಿದ್ದದ್ದು ಆ ಹಳೆಯ ಟವೆಲು. ಅದು ಇನ್ನೂ ನಮ್ಮ ವಾಷಿಂಗ್ ಮಶಿನ್ನಿನಲ್ಲಿ ಬಿದ್ದಿತ್ತು.

ಮರುದಿನ ಸಂಜೆ ಐದಕ್ಕೆ ಕೆಳಗಿನಿಂದ ಕೂಗು ಬರಲಿಲ್ಲ. ಅತ್ತೆ ಚಪ್ಪಲಿ ಹಾಕಿಕೊಂಡು ಬಾಗಿಲ ತನಕ ಹೋಗಿ ತಿರುಗಿ ಬಂದರು. ಬಾಲ್ಕನಿಯಲ್ಲಿ ನಿಂತು ಬೆಂಚನ್ನು ನೋಡಿದರು, ಆಮೇಲೆ ತುಳಸಿಯ ಕಡೆ ತಿರುಗಿದರು. ಅವರು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಹೋಗಿ ಕ್ಷಮಾ ಕೇಳು. ಶಾಸ್ತ್ರಾ ಹೇಳಬ್ಯಾಡ" ಎಂದ ಪ್ರಹ್ಲಾದ.

ಹಾಗೇ ಆಗಲಿ ಎಂದು ಲಕ್ಷ್ಮಿ ರಸ್ತೆಗೆ ಹೋಗಿ, ಅಂಗಡಿಯಲ್ಲಿದ್ದ ಅತ್ಯಂತ ಚೆಂದದ ಖಣ ತಂದೆ. ನವಿಲುಗರಿ ಬಣ್ಣ, ಜರಿಯ ಅಂಚು. ಅದನ್ನು ಹಿಡಿದುಕೊಂಡು ಮೌಶಿಯ ಬಾಗಿಲು ತಟ್ಟಿದೆ. ಒಳಗೆ ಕರೆದರು, ನೀರು ಕೊಟ್ಟರು. ನಾನು ಬಾಯಿ ತೆಗೆದೆ. ಬಾಯಿ ತೆಗೆದ ಮೇಲೆ ಶಾಸ್ತ್ರ ಬರದೆ ಇರುತ್ತದೆಯೇ?

"ಮೌಶಿ, ಉಣ್ಣಿ ಅಂದ್ರ ಸಣ್ಣ ಮಾತಲ್ರಿ. ಭಾಳ ದೊಡ್ಡ ಪಾತ್ರ ಅದರದು. ಉಣ್ಣಿ ಇರಲಿಲ್ಲಂದ್ರ ಆಕಳ ಜೀನೋಮ್ ಹಿಂಗ ಇರ್ತಿದ್ದಿಲ್ಲ."

"ಹೌದೇನವಾ."

"ರಕ್ತಾ ಕುಡೀತದ ಖರೆ, ಆದ್ರ ಅದರ ಉಪಕಾರ..."

ಮೌಶಿ ಕೈ ಎತ್ತಿದರು. ನಾನು ಖಣ ಮುಂದಿಟ್ಟೆ. ಅವರು ಅದನ್ನು ತಿರುಗಿಸಿ ನೋಡಿ ಕೇಳಿದರು: "ಇದು ಯಾರ ಟ್ರಂಕಿನಾಗಿಂದು?"

"ಹೊಸಾದು ಮೌಶಿ, ಆಣಿ ಮಾಡಿ ಹೇಳ್ತೇನಿ!"

"ಇರಲಿ, ಅಲ್ಲಿಡು" ಎಂದರು, ಬಾಗಿಲ ಕಡೆ ನೋಡುತ್ತ. ನಾನು ಸೊಸೈಟಿಯಲ್ಲಿ ಇಂಥದೊಂದು ಸ್ಥಿತಿ ತಂದಿಟ್ಟಿದ್ದೆ: ಹೊಸ ಖಣವನ್ನೂ ಹೊಸದೆಂದು ಯಾರೂ ನಂಬುತ್ತಿರಲಿಲ್ಲ.

ಮನೆಯಲ್ಲಾದರೂ ಉಪಯೋಗಕ್ಕೆ ಬರೋಣವೆಂದು ಮರುದಿನ ಅಡುಗೆಮನೆಗೆ ನುಗ್ಗಿದೆ. ಪಾತ್ರೆಗಳನ್ನೆಲ್ಲ ಫಳಫಳ ತೊಳೆದಿಟ್ಟೆ. ತಳದಲ್ಲಿ ಒಂದು ಚಮಚೆಯಷ್ಟು ಮೊಸರು ಅಂಟಿಕೊಂಡಿದ್ದ ಗಡಿಗೆಯನ್ನೂ ಉಜ್ಜಿ ಉಜ್ಜಿ ತೊಳೆದೆ. ಅತ್ತೆ ಹಾಲು ಕಾಯಿಸಿಕೊಂಡು ಬಂದು ಗಡಿಗೆ ನೋಡಿದರು.

"ಹೆಪ್ಪಿಗೆ ಸುದ್ದಾ ಉಳಿಸಲಿಲ್ಲಾ?"

ಅಂಗಡಿಯಿಂದ ತರುತ್ತೇನೆ ಎಂದೆ. ಪ್ಲಾಸ್ಟಿಕ್ ಡಬ್ಬಿಯ ಮೊಸರನ್ನು ಅತ್ತೆ ಮೊಸರೆಂದು ಒಪ್ಪುವುದಿಲ್ಲ. ಆಮೇಲೆ ಒಂದು ಪುಟ್ಟ ಬಟ್ಟಲು ಎತ್ತಿಕೊಂಡು, ಸೆರಗು ಸರಿ ಮಾಡಿಕೊಂಡು, ಲಿಫ್ಟಿಗೂ ಕಾಯದೆ ಮೆಟ್ಟಿಲು ಇಳಿದರು.

ಹೆಪ್ಪು ತರಲು ಎಷ್ಟು ಹೊತ್ತು ಬೇಕು? ಹಾಲು ಆರಿ ತಣ್ಣಗಾಯಿತು. ಮತ್ತೆ ಕಾಯಿಸಿದೆ. ಮತ್ತೆ ಆರಿತು. ಕೆಳಗೆ ಏನು ನಡೆದಿದೆಯೋ ಎಂದು ಒಲೆಗೂ ಬಾಗಿಲಿಗೂ ಓಡಾಡಿದೆ. ಕೊನೆಗೆ ಮೆಟ್ಟಿಲ ಕಡೆಯಿಂದ ದನಿ ಕೇಳಿಸಿತು. ಇಬ್ಬರ ದನಿ! ಬಾಗಿಲು ಓರೆ ಮಾಡಿ ಕಿವಿಗೊಟ್ಟೆ.

"ಚಪ್ಪಾಳಿ ಬ್ಯಾರೆ ಹೊಡದಳ್ರಿ!" ಎಂದು ಅತ್ತೆ.

"ಇರಲ್ರಿ, ನಿನ್ನೆ ನಮ್ಮ ಮನಿಗೆ ಬಂದು, ರಕ್ತಾ ಕುಡೀತದ ಖರೆ ಆದ್ರ ಉಪಕಾರ ಭಾಳ ಅದ ಅಂತ ಸಮಾಧಾನ ಮಾಡಿದ್ಲು!" ಎಂದು ಮೌಶಿ.

ಇಬ್ಬರೂ ಮೆಟ್ಟಿಲ ಕಂಬಿ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಒಬ್ಬರೊಡನೆ ಒಬ್ಬರು ಮುನಿಸಿಕೊಳ್ಳುವುದಕ್ಕಿಂತ ಇಬ್ಬರೂ ಸೇರಿ ನನ್ನನ್ನು ಆಡಿಕೊಳ್ಳುವುದು ಹೆಚ್ಚು ಸುಖದ ಕೆಲಸವೆಂದು ಅವರು ಕಂಡುಕೊಂಡಿದ್ದರು. ನನಗೂ ಜೀವ ಬಂದಂತಾಯಿತು. ಅಂದು ಸಂಜೆ ಐದಕ್ಕೆ ಕೂಗು ಬಂತು: "ಸುಮಿತ್ರಾಬಾಯಿ, ಬರ್ರಿ!"

ಮುಂದಿನ ಕೆಲವು ದಿನ ನಮ್ಮ ಹಾಲಿನಲ್ಲಿ ಟ್ರಂಕು ನಡುವೆ ಇಟ್ಟುಕೊಂಡು ಖಣಗಳ ಮರುವಿಂಗಡಣೆ ನಡೆಯಿತು. ತಮ್ಮದೇ ಖಣ ತಿರುಗಿ ಪಡೆದವರೆಲ್ಲ ತಂದು ಒಪ್ಪಿಸಿ ಬೇರೆ ತೆಗೆದುಕೊಂಡು ಹೋದರು. ಲೇಲೆ ಕಾಕು ಬಾಗಿಲಲ್ಲಿ ನಿಂತು, "ಗಾಯ್ ಆಲೀ ಹೋ!" ಎಂದು, ಆಕಳು ಬಂದಿದೆಯೆಂದು ಸಾರಿ ಒಳಗೆ ಬಂದರು. ಮೌಶಿ ಪ್ರತಿಯೊಬ್ಬರಿಗೂ ಹಾವು, ಆಕಳು, ಉಣ್ಣಿಯ ಕಥೆಯನ್ನು ಎರಡೂ ಭಾಷೆಯಲ್ಲಿ ಹೇಳಿದರು. ನನ್ನ ಸಂಸ್ಥೆಯಲ್ಲಿ ನಾನು ಅಷ್ಟು ಚೆನ್ನಾಗಿ ಎಂದೂ ಹೇಳಿಲ್ಲ. ಮಧ್ಯೆ ನಾನು ಸಹಾಯಕ್ಕೆಂದು ಒಂದು ಖಣ ಮುಟ್ಟಲು ಹೋದಾಗ ಅತ್ತೆ ನನ್ನ ಕೈಗೆ ಮೆಲ್ಲಗೆ ಒಂದು ಏಟು ಕೊಟ್ಟರು. ಒಗೆದ ಟವೆಲು ಮತ್ತೆ ತನ್ನ ಅಧಿಕಾರ ಸ್ಥಾನಕ್ಕೆ ಬಂತು.

ರಥಸಪ್ತಮಿಯ ದಿನ ಮಂದಾ ಮೌಶಿಯ ಮನೆಯಲ್ಲಿ ಅರಿಷಿಣ ಕುಂಕುಮ. ಅತ್ತೆ ಅಲ್ಲಿ ಅತಿಥಿಯಲ್ಲ, ಮೌಶಿಯ ಹಿಂದೆ ನಿಂತು ಖಣ ಎತ್ತಿಕೊಡುವ ಅಧಿಕಾರಿ. ನಾನು ಬಾಯಿ ಹೊಲಿದುಕೊಂಡು ಕೊನೆಯ ಸಾಲಿನಲ್ಲಿ ಕೂತೆ. ನನ್ನ ಸರದಿ ಬಂತು. ಸೆರಗು ಒಡ್ಡಿದೆ. ಉಡಿಗೆ ತೆಂಗಿನಕಾಯಿ ಬಿತ್ತು, ಅಕ್ಕಿ ಬಿತ್ತು, ಖಣ ಬಿತ್ತು. ನವಿಲುಗರಿ ಬಣ್ಣ, ಜರಿಯ ಅಂಚು.

"ಮೌಶಿ, ಇದು ನಾ ಕೊಟ್ಟದ್ದು!" ಎಂದೆ. "ಕೊಟ್ಟವರಿಗೆ ತಿರುಗಿ ಕೊಡಬಾರದು ಅಂತ ನಿಯಮ ಅದ ಅಲ್ರಿ?"

ಮೌಶಿ ಅತ್ತೆಯ ಮುಖ ನೋಡಿದರು. ಅತ್ತೆ ಶಾಂತವಾಗಿ ಹೇಳಿದರು:

"ಆ ನಿಯಮ ಮನುಷ್ಯಾರಿಗೆ. ಉಣ್ಣಿಗಲ್ಲ."

ಈ ಸಲ ಚಪ್ಪಾಳೆ ಇಡೀ ಮನೆಯಿಂದ ಬಂತು.

ಆ ಖಣ ಈಗ ನನ್ನ ಕಪಾಟಿನಲ್ಲಿದೆ. ಎಷ್ಟು ಸಲ ಸಾಗಹಾಕಲು ನೋಡಿದೆನೋ! ಗೃಹಪ್ರವೇಶಕ್ಕೆ ಒಯ್ದೆ, ಕೂಸಿನ ತೊಟ್ಟಿಲ ಶಾಸ್ತ್ರಕ್ಕೆ ಒಯ್ದೆ. ಖಣ ನನ್ನ ಕೈಯಲ್ಲಿ ಕಂಡೊಡನೆ ಸೊಸೈಟಿಯ ಹೆಂಗಸರು ನಕ್ಕು, ಕೈ ಮುಗಿದು, "ನಿಮ್ಮ ಅತ್ತಿ ಕಡಿಂದ ಕೊಡಸ್ರಿ" ಎನ್ನುತ್ತಾರೆ. ಅತ್ತೆ ಅದನ್ನು ಟ್ರಂಕಿನ ಯಾವ ಬದಿಗೂ ಸೇರಿಸಿಕೊಳ್ಳುವುದಿಲ್ಲ. ಪ್ರಾಣಿಲೋಕದಲ್ಲಿ ಜಿಗಿಯುವ ತುಣುಕುಗಳಿಗೆ ಲೆಕ್ಕವಿಲ್ಲ. ಅವುಗಳ ಮೇಲೆ ಅಧಿಕಾರವಾಣಿಯಿಂದ ಮಾತಾಡುವ ನನ್ನ ಮನೆಯಲ್ಲಿ ಇರುವುದು ಒಂದೇ ತುಣುಕು, ಅದು ಒಂದು ಅಂಗುಲವೂ ಅಲ್ಲಾಡುತ್ತಿಲ್ಲ!